ಎಂಟು ನೋಟು, ಒಂದು ಉಗುರು

"ದುಡ್ಡು ತೆಗಿ! ಇಲ್ಲಾಂದ್ರೆ ಇಬ್ಬರ ತಲೇನೂ ಹಾರಿಸ್ತೀನಿ!"

ಪಿಸ್ತೂಲು ನನ್ನ ಕುತ್ತಿಗೆಗೆ ಒತ್ತಿತ್ತು. ಹಿಡಿಗೆ ಕೆಂಪು ಟೇಪು ಸುತ್ತಿದ ಹಳೇ ಮಾಲು. ಹಿಡಿದವನು ನಾವು ಹತ್ತಿದ್ದ ಟ್ಯಾಕ್ಸಿಯ ಡ್ರೈವರ್ ಬಾಸ್ಕೋ. ಕಿನ್ಶಾಸಾದ ನಟ್ಟನಡುವೆ, ಹಾಡಹಗಲು ಹನ್ನೊಂದು ಗಂಟೆಗೆ!

ತಪ್ಪು ನನ್ನದೇ. ಬೇರೆ ಊರಿಂದ ಬಂದವರನ್ನು, ಅವರ ಡಾಲರನ್ನು ಸುರಕ್ಷಿತವಾಗಿ ಮುಟ್ಟಿಸುವುದೇ ನನ್ನ ಕಸುಬು. ಲುಕುಸಾ ಅಂದರೆ ಸಾಕು, ಏರ್‌ಪೋರ್ಟಿನಲ್ಲಿ ಎಲ್ಲರಿಗೂ ಗೊತ್ತು. ಅಂಥ ಲುಕುಸಾ ಡ್ರೈವರ್ ಮುಖ ನೋಡದೆ ಟ್ಯಾಕ್ಸಿ ಹತ್ತಿದ್ದ!

ಪಕ್ಕದಲ್ಲಿ ಚಿಸ್ವಾಕಾ ಮೇಷ್ಟರು, ಅವತ್ತಿನ ನನ್ನ ಗಿರಾಕಿ. ದೂರದ ವಜ್ರದ ಗಣಿಯ ಊರಿನವರು. ಅವರ ಕಾಲುಚೀಲದಲ್ಲಿ ನೂರು ಡಾಲರಿನ ಎಂಟು ನೋಟು. ಇಲ್ಲಿನ ಆಸ್ಪತ್ರೆಯಲ್ಲಿ ಮಲಗಿರುವ ಮಗಳು ಕಪಿಂಗಾಳ ಆಪರೇಷನ್ನಿಗೆ. ಸಂಜೆ ಆರರೊಳಗೆ ಕಟ್ಟದಿದ್ದರೆ ಆಪರೇಷನ್ ಇಲ್ಲ... ಕಪಿಂಗಾಳೂ ಇಲ್ಲ.

"ಕೊಡಬೇಡ ಲುಕುಸಾ... ಕಾಲಿಗೆ ಬೀಳ್ತೀನಪ್ಪಾ!"

"ಕಾಲು ಚಾಚಿ ಮೇಷ್ಟ್ರೇ. ತಲೆ ಉಳಿದ್ರೆ ಬೆಲ್ಲ ಬೇಡಿ ತಿನ್ನೋಣ."

ಬಗ್ಗಿದೆ. ನೋಟು ಎಳೆದೆ. ಜೋರಾಗಿ ಕೆಮ್ಮಿದೆ. ಕೆಮ್ಮಿನ ಮರೆಯಲ್ಲಿ ಹೆಬ್ಬೆರಳಿನ ಉಗುರು ಊರಿ, ಎಂಟರ ಅಂಚನ್ನೂ ಅಕ್ಕಿಕಾಳಿನಷ್ಟು ಹರಿದೆ.

ಬಾಸ್ಕೋ ಕಿತ್ತುಕೊಂಡ. ನಮ್ಮನ್ನು ರಸ್ತೆಗೆ ದಬ್ಬಿದ. ಟ್ಯಾಕ್ಸಿ ಮಾಯ!

ಮೇಷ್ಟರು ಮಣ್ಣಿನಲ್ಲೇ ಕೂತು ಅತ್ತರು.

"ಏಳಿ ಮೇಷ್ಟ್ರೇ. ಸಂಜೆಯೊಳಗೆ ಅವನೇ ತಂದು ಕೊಡ್ತಾನೆ."

ಕೇಳಿ. ನಮ್ಮೂರಲ್ಲಿ ನಮ್ಮದೇ ಫ್ರಾಂಕ್ ನೋಟು ಚಿಂದಿಯಾಗಿದ್ದರೂ ಮೀನು ಮಾರುವವಳು ತೆಗೆದುಕೊಳ್ಳುತ್ತಾಳೆ. ಡಾಲರ್ ಮಾತ್ರ ಮದುವಣಗಿತ್ತಿಯ ಹಾಗಿರಬೇಕು! ಅಂಚು ಒಂದಿಷ್ಟು ಹರಿದಿದ್ದರೂ ಯಾರೂ ಮುಟ್ಟುವುದಿಲ್ಲ. ಮುಟ್ಟುವವಳು ಒಬ್ಬಳೇ, ಜಾಂಡೋ ಮಾರ್ಕೆಟ್ಟಿನಲ್ಲಿ ನೋಟು ಬದಲಾಯಿಸುವ ಮಾಮಾ ಓಡಿಯಾ. ಮಾಮಾ ಅಂದರೆ ನಮ್ಮಲ್ಲಿ ಅಮ್ಮ. ಅದೂ ಅರ್ಧ ಬೆಲೆಗೆ.

ಅವಳ ದೊಡ್ಡ ಕೊಡೆಯ ಹಿಂದೆ ಕಾದೆ. ಎರಡಾಯಿತು... ಮೂರಾಯಿತು... ನಾಲ್ಕೂವರೆಗೆ ಬಾಸ್ಕೋ ಬಂದ. ಮೈಯೆಲ್ಲ ಬೆವರು.

"ಮಾಮಾ, ಊರೆಲ್ಲ ಸುತ್ತಿದೆ, ಒಬ್ಬನೂ ತಗೊಳ್ತಿಲ್ಲ!"

"ಎಲ್ಲಿ ಹೊಡೆದೆಯೋ ಮೂದೇವಿ?"

"ನನ್ನ ಹತ್ರ ಮಾಮಾ," ಅಂದೆ.

ಅವನ ಕೈ ಪಿಸ್ತೂಲಿಗೆ ಹೋಯಿತು. ಮಾಮಾಳ ಸ್ಟೂಲು ಅವನ ಮಣಿಕಟ್ಟಿಗೆ ಹೋಯಿತು! ಪಿಸ್ತೂಲು ಕೆಳಗೆ. ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಅವನು ಓಡಿದ. ಮೀನಿನ ಬುಟ್ಟಿ ಹಾರಿದ, ಮರಗೆಣಸಿನ ರಾಶಿ ಹಾರಿದ. ಮೂರನೆಯದಕ್ಕೆ ಎಡವಿದ... ಕಾಲರ್ ಸಿಕ್ಕಿತು. ಎರಡೇಟು ಬಿಟ್ಟೆ. ಎಂಟೂ ನೋಟು ವಾಪಸ್!

ಐದೂಕಾಲು. ಆಸ್ಪತ್ರೆ. ಮೇಷ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಕ್ಯಾಷ್ ಕೌಂಟರಿನ ಹೆಂಗಸು ನೋಟಿನ ಅಂಚಿನ ಮೇಲೆ ಮೆಲ್ಲಗೆ ಬೆರಳು ಎಳೆದಳು.

"ಹರಿದಿದೆ."

"ಅಮ್ಮಾ, ಒಳಗೆ ಹುಡುಗಿ ಸಾಯ್ತಿದ್ದಾಳೆ!" ಅಂದೆ.

"ಇದನ್ನ ತಗೊಂಡ್ರೆ ನನ್ನ ಸಂಬಳದಲ್ಲಿ ಮುರ್ಕೊಳ್ತಾರಪ್ಪಾ. ಒಳ್ಳೇ ನೋಟು ತನ್ನಿ."

ಎಲ್ಲಾ ಲೆಕ್ಕ ಹಾಕಿದ್ದೆ. ಆಸ್ಪತ್ರೆಯೂ ಒಂದು ಮಾರ್ಕೆಟ್ಟೇ ಅನ್ನುವುದೊಂದನ್ನು ಬಿಟ್ಟು!

ಮೇಷ್ಟರು ನನ್ನ ಮುಖವನ್ನೇ ನೋಡಿದರು.

"ಹರಿದೋನು... ನೀನೇನಾ?"

ನಾಚಿಕೆಯಿಂದ ಸತ್ತೇಹೋದೆ. ಬಾಡಿಗೆ ಬೈಕ್ ಹತ್ತಿ ಜಾಂಡೋಗೆ ಹಾರಿದೆ.

"ನಾನೂರು," ಅಂದಳು ಮಾಮಾ ಓಡಿಯಾ.

"ಮಾಮಾ! ಎಂಟುನೂರು ಕಟ್ಟಬೇಕು! ಹುಡುಗಿ ಪ್ರಾಣ!"

"ಬಾಸ್ಕೋಗೂ ಇದೇ ರೇಟು. ಕಳ್ಳನಿಗೊಂದು, ನಿನಗೊಂದು ಮಾಡಕ್ಕಾಗಲ್ಲಪ್ಪ." ನನ್ನ ಸೊಂಟ ನೋಡಿದಳು. "ಅದೆಷ್ಟು?"

ಗಡಿಯಾರ ನೋಡಿದೆ. ಸೊಂಟದಿಂದ ಪಿಸ್ತೂಲು ತೆಗೆದು ಅವಳ ಮುಂದಿಟ್ಟೆ.

"ನಾನೂರು," ಅಂದೆ.

ಎಂಟು ಹೊಸ ನೋಟು ಎಣಿಸಿ ಕೊಟ್ಟಳು. ಪಿಸ್ತೂಲು ಅವಳ ಬಟ್ಟೆಗಂಟಿನೊಳಗೆ ಹೋಯಿತು.

ಆರಕ್ಕೆ ಐದು ನಿಮಿಷ ಇರುವಾಗ ದುಡ್ಡು ಕಟ್ಟಿದೆ. ಕಪಿಂಗಾ ಉಳಿದಳು. ಮೇಷ್ಟರು ಊರಿಗೆ ಹೊರಟಾಗ ನನ್ನ ಕೈ ಕುಲುಕಲಿಲ್ಲ.

ತಿಂಗಳು ಕಳೆಯಿತು. ಬೇರೆ ಟ್ಯಾಕ್ಸಿ. ಬೇರೆ ಡ್ರೈವರ್. ಕುತ್ತಿಗೆಗೆ ತಣ್ಣಗೆ ಏನೋ ಒತ್ತಿತು. ಓರೆಗಣ್ಣಿನಲ್ಲಿ ನೋಡಿದೆ... ಹಿಡಿಗೆ ಕೆಂಪು ಟೇಪು!

"ದುಡ್ಡು ತೆಗಿ!"

ತೆಗೆದು ಕೊಟ್ಟೆ. ಈ ಸಲ ಒಂದನ್ನೂ ಹರಿಯಲಿಲ್ಲ.