ಬಳೆ ಲೈಟು

2016ರ ಜನವರಿ 18, ಸೋಮವಾರ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಆರ್.ಟಿ. ನಗರ ಠಾಣೆಗೆ ಬಂದ ಯೋಗಾನಂದ ಎಂಬುವರ ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಧನಲಕ್ಷ್ಮಿ ಅರ್ಧಕ್ಕೇ ಪೆನ್ನು ಕೆಳಗಿಟ್ಟರು.

"ಏನು ಕಳುವಾಗಿದೆ ಅಂದ್ರಿ?"

"ಕಾರಿನ ಎರಡೂ ಹೆಡ್‌ಲೈಟು ಮೇಡಂ."

"ಹಾಗಾದ್ರೆ ಈಗ ಕಾರಲ್ಲಿ ಲೈಟೇ ಇಲ್ಲ."

"ಇದೆ. ಹೊಸದು ಹಾಕಿದ್ದಾರೆ."

"ಯಾರು?"

"ಕದ್ದೋನೇ."

ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ಬ್ಯಾಟರಾಯಪ್ಪನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವನು ನೋಡಿದ ಕಳ್ಳರೆಲ್ಲ ಇದ್ದದ್ದನ್ನು ಹೊತ್ತುಕೊಂಡು ಹೋದವರೇ, ಹೊಸದು ತಂದು ಹಾಕಿ ಹೋದವರಲ್ಲ. "ನಮ್ಮನೆ ಟಿವೀನೂ ಸ್ವಲ್ಪ ಹಳೇದಾಗೈತೆ ಸಾರ್, ಅವನಿಗೆ ಅಡ್ರೆಸ್ ಕೊಡಿ," ಎಂದ. ಯೋಗಾನಂದರ ಮುಖ ಕೆಂಪಾಯಿತು.

ಠಾಣೆಯಲ್ಲಿ ನಗು ಕೇಳಿದರೆ ಇನ್‌ಸ್ಪೆಕ್ಟರ್ ನಂದಕುಮಾರ್ ಹೊರಗೆ ಬಂದು ನೋಡುವುದು ವಾಡಿಕೆ. ಅವರು ನಗುವುದು ಕಡಿಮೆ. ಹಾಗಂತ ಸಿಡುಕರಲ್ಲ. ಎದುರಿನವರು ಹೇಳುವುದನ್ನು ಪೂರ್ತಿ ಕೇಳುವ ತಾಳ್ಮೆ ಇರುವ ಮನುಷ್ಯ, ಆ ಇಲಾಖೆಯಲ್ಲಿ ಇದು ಸಣ್ಣ ಗುಣವಲ್ಲ. ದೂರು ಓದಿ, "ಒಪ್ಪಿಗೆ ಇಲ್ಲದೆ ತಗೊಂಡು ಹೋಗಿದ್ದಾನೆ ತಾನೆ? ಬದಲಿಗೆ ಏನು ಇಟ್ಟರೂ ಕಳವೇ," ಎಂದರು. ಭಾರತೀಯ ದಂಡ ಸಂಹಿತೆ ಕಲಂ 379ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಮಹಜರು. ಕಾರು ನಿಂತಿದ್ದು ಯೋಗಾನಂದರ ಮನೆಯ ಮುಂದಿನ ರಸ್ತೆಯಲ್ಲಿ. ಹೆಡ್‌ಲೈಟು ತೆಗೆಯಬೇಕಾದರೆ ಮುಂದಿನ ಬಂಪರನ್ನೇ ಬಿಚ್ಚಬೇಕು, ಗಂಟೆ ಹೊತ್ತಿನ ಕೆಲಸ. ಅದನ್ನು ಭಾನುವಾರ, ಮನೆಯವರೆಲ್ಲ ಹೊರಗೆ ಹೋಗಿದ್ದಾಗ, ಹಾಡಹಗಲೇ ಮಾಡಿದ್ದಾನೆ. ಎದುರುಗಡೆ ಹೂ ಕಟ್ಟುವ ಅಂಜಿನಮ್ಮ ಎಲ್ಲವನ್ನೂ ನೋಡಿದ್ದರು.

"ನೋಡ್ತಾ ಸುಮ್ನೆ ಕೂತಿದ್ರಾ?" ಧನಲಕ್ಷ್ಮಿ ಕೇಳಿದರು.

"ಸುಮ್ನೆ ಯಾಕೆ ಕೂತ್ಕೊಳ್ಳಲಿ, ಕುಡಿಯಾಕೆ ನೀರು ಕೊಟ್ಟೆ. ಗೋಣಿಚೀಲ ಆಸ್ಕೊಂಡು ಪಾಪ ಬಿಸಿಲಲ್ಲಿ ಕೆಲಸ ಮಾಡ್ತಿದ್ದ. ಓನರ್ರೇ ಕರೆಸವ್ರೆ ಅಂದ್ಕೊಂಡೆ. ಕೊನೇಲಿ ಬಟ್ಟೆ ತಗೊಂಡು ಬಂಪರ್ ಒರೆಸಿಟ್ಟ ಕಣಮ್ಮ. ಕಳ್ಳ ಇಂಗೆ ಒರೆಸ್ತಾನಾ?"

ಸಣಕಲು ಮೈ, ಖಾಕಿ ಅಂಗಿ, ಮೂವತ್ತೈದರ ಆಸುಪಾಸು. ಮಾತಾಡಿದ್ದು ನೀರು ಕೇಳುವಾಗ ಮಾತ್ರ. ಅಂಜಿನಮ್ಮ ಹೇಳಿದ್ದು ಇಷ್ಟು.

ನಂದಕುಮಾರ್ ಹೊಸ ಲೈಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಕಂಪನಿಯ ಅಸಲಿ ಮಾಲು, ಎರಡೂ ಸರಿಯಾಗಿ ಕೂತಿದ್ದವು. ಅವರು ಯೋಗಾನಂದರ ಕಡೆ ತಿರುಗಿದರು.

"ಹೊಸದು ಚೆನ್ನಾಗಿದೆ. ಹಳೇದರಲ್ಲಿ ಏನಿತ್ತು?"

"ಏನಿಲ್ಲ ಸರ್. ಮಾಮೂಲಿ."

"ಮಾಮೂಲಿ ಲೈಟಿಗೆ ಯಾರೂ ಠಾಣೆ ಮೆಟ್ಟಿಲು ಹತ್ತಲ್ಲ. ಹೇಳಿ."

ಯೋಗಾನಂದ ಅತ್ತಿತ್ತ ನೋಡಿದರು. ಟ್ರಾಫಿಕ್‌ನವರು ದಂಡ ಹಾಕುತ್ತಾರೆಂಬ ಭಯಕ್ಕೆ ದೂರಿನಲ್ಲಿ ಮುಚ್ಚಿಟ್ಟ ಸಂಗತಿ ಹೊರಬಂತು. ಹೆಡ್‌ಲೈಟಿನ ಗಾಜು ಬಿಚ್ಚಿಸಿ ಒಳಗೆಲ್ಲ ಕಪ್ಪು ಬಣ್ಣ ಹೊಡೆಸಿ, ಬಲ್ಬಿನ ಸುತ್ತ ತೆಳ್ಳಗೆ ಒಂದು ಕೆಂಪು ಸುತ್ತು ಬರೆಸಿದ್ದರು. ಲೈಟು ಹೊತ್ತಿದರೆ ಕೆಂಪು ಬಳೆ ತೊಟ್ಟ ಹಾಗೆ ಕಾಣುತ್ತಿತ್ತಂತೆ. ಹುಡುಗರು 'ಬಳೆ ಲೈಟು' ಅನ್ನುತ್ತಿದ್ದರು. ಮಾಡಿಸಿಕೊಟ್ಟವರು ಕಾರಿನ ಸಾಮಾನು ಮಾರುವ ಖಾದರ್ ಬಾಷಾ.

ಖಾದರ್ ಬಾಷಾರ ಅಂಗಡಿ ಅಲ್ಲೇ ಎರಡು ಬೀದಿ ಆಚೆ. ಪೊಲೀಸರನ್ನು ಕಂಡು ಸೀಟ್ ಕವರುಗಳ ರಾಶಿಯ ಮೇಲಿಂದ ಇಳಿದು ನಿಂತರು.

"ಬಳೆ ಲೈಟು ನೀವೇ ಮಾಡೋದಾ?"

"ನನ್ನ ಕೈಲಿ ಎಲ್ಲಾಗತ್ತೆ ಸಾಬ್. ವಾಜಿದ್ ಅಂತ, ಅವನೂ ಅವನ ಹೆಂಡ್ತಿ ರೆಹಾನಾನೂ ಮನೇಲಿ ಮಾಡ್ತಿದ್ರು. ಕೇಕ್ ಮಾಡೋ ಓವನ್ ಇರತ್ತಲ್ಲ, ಅದರೊಳಗೆ ಲೈಟಿಟ್ಟು ಬಿಸಿ ಮಾಡಿದ್ರೆ ಅಂಟು ಮೆತ್ತಗಾಗಿ ಗಾಜು ಬಿಡತ್ತೆ. ಬಿಚ್ಚೋದು, ಮತ್ತೆ ಅಂಟಿಸೋದು ಅವನು. ಪೇಂಟ್ ಎಲ್ಲಾ ಅವಳೇ. ಆ ಕೆಂಪು ಸುತ್ತು ಬರೀತಿದ್ಲಲ್ಲ, ಮಿಷಿನ್‌ನಲ್ಲೂ ಹಂಗೆ ಬರಲ್ಲ."

"ಈಗ ಮಾಡಲ್ವಾ?"

"ಅವಳು ತೀರ್ಕೊಂಡ್ಲು. ಹೋದ ರಂಜಾನ್‌ಗೆ ಮುಂಚೆ. ಅವನು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸ್ತಾನೆ ಈಗ."

"ಇತ್ತೀಚೆಗೆ ಬಂದಿದ್ನಾ?"

ಬಾಷಾ ಸ್ವಲ್ಪ ಹಿಂಜರಿದರು. "ಬಂದಿದ್ದ. ಬಳೆ ಲೈಟು ಯಾರ್ಯಾರಿಗೆ ಹಾಕಿಸಿದ್ವಿ ಅಂತ ಕೇಳ್ದ. ಹೆಂಡ್ತಿ ನೆನಪಿಗೆ ಫೋಟೋ ತೆಗೀತಾನೇನೋ ಅಂತ ಹೇಳಿಬಿಟ್ಟೆ ಸಾಬ್."

ಬಾಷಾ ಹೇಳಿದ ಗಿರಾಕಿಗಳಿಗೆ ಧನಲಕ್ಷ್ಮಿ ಫೋನ್ ಮಾಡುತ್ತ ಬಂದರು. ಒಬ್ಬರಾದ ಮೇಲೊಬ್ಬರು ಅದೇ ಕತೆ ಹೇಳಿದರು. ಲೈಟು ಬದಲಾಗಿದೆ, ಹೊಸದಿದೆ, ಯಾರ ಹತ್ತಿರ ಹೇಳಿಕೊಳ್ಳುವುದು ಅಂತ ತಿಳಿಯಲಿಲ್ಲ. ಉಳಿದಿದ್ದ ಬಳೆ ಲೈಟಿನ ಕಾರು ಒಂದೇ, ಹೆಬ್ಬಾಳದ ಆಫೀಸೊಂದರಲ್ಲಿ ಕೆಲಸ ಮಾಡುವ ವನಿತಾ ಎಂಬುವರದು.

ಮರುದಿನ ಮಂಗಳವಾರ ಮಧ್ಯಾಹ್ನ ಪೊಲೀಸರು ಪಂಚ ಸಾಕ್ಷಿಗಳೊಂದಿಗೆ ವಾಜಿದ್‌ನ ಮನೆಗೆ ಹೋದರು. ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಬಾಗಿಲು ತೆಗೆದವರು ರೆಹಾನಾಳ ತಾಯಿ ಮಲ್ಕಾ. ಸ್ವೆಟರ್ ಹಾಕಿ, ಅದರ ಮೇಲೆ ಕಂಬಳಿ ಹೊದ್ದಿದ್ದರು. ಅಳಿಯ ಮನೆಯಲ್ಲಿರಲಿಲ್ಲ. ಬೆಳಗ್ಗೆ ಚೀಲ ಹೊತ್ತುಕೊಂಡು ಹೋದವನು ಇನ್ನೂ ಬಂದಿಲ್ಲ ಎಂದರು.

ಕಳುವಾದ ಹೆಡ್‌ಲೈಟುಗಳನ್ನು ಹುಡುಕುವ ತೊಂದರೆಯೇ ಇರಲಿಲ್ಲ. ಒಲೆಕಟ್ಟೆಯ ಕೆಳಗೆ, ಓವನ್ನಿನ ಪಕ್ಕದಲ್ಲಿ, ಪೇಪರ್ ಸುತ್ತಿ ಜೋಡಿ ಜೋಡಿಯಾಗಿ ಇಟ್ಟಿದ್ದ. ಒಂದನ್ನೂ ಮಾರಿರಲಿಲ್ಲ, ಒಡೆದಿರಲಿಲ್ಲ. ಧನಲಕ್ಷ್ಮಿ ನೆಲದ ಮೇಲೆ ಕೂತು ಪಂಚನಾಮೆ ಬರೆಯತೊಡಗಿದರು. ತಲೆಯ ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಕಿಟಕಿಗೆ ಬಾಗಿಲೇ ಇರಲಿಲ್ಲ, ಕೀಲು ಸಮೇತ ಕಿತ್ತು ಹಾಕಲಾಗಿತ್ತು. ಜನವರಿಯ ಥಂಡಿ ಗಾಳಿಗೆ ಕಾಗದಗಳು ಹಾರಿ ಓವನ್ನಿನ ಹಿಂದೆ ಹೋಗಿ ಬಿದ್ದವು. ಧನಲಕ್ಷ್ಮಿ ಎದ್ದು ಸ್ವಿಚ್ಚಿಗೆ ಕೈ ಹಾಕಿದರು.

"ಬೇಡಮ್ಮ," ಮಲ್ಕಾ ಅಡ್ಡ ಬಂದರು. "ಅದು ಆಫ್ ಮಾಡಬಾರದು. ವಾಜಿದ್ ಬೇಜಾರ್ ಮಾಡ್ಕೊಳ್ತಾನೆ."

"ಈ ಚಳೀಲಿ ಫ್ಯಾನ್ ಯಾಕಮ್ಮ ನಿಮಗೆ?"

"ನಂಗಲ್ಲ," ಎಂದರು ಆ ಮುದುಕಿ. ಬ್ಯಾಟರಾಯಪ್ಪ ಕಾಗದದ ಮೂಲೆಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ, ಪಂಚನಾಮೆ ಹಾಗೇ ಮುಗಿಯಿತು.

ಸಂಜೆ ಐದರ ಹೊತ್ತಿಗೆ ಜೀಪು ಹೆಬ್ಬಾಳ ತಲುಪಿತು. ವನಿತಾರ ಆಫೀಸಿನ ಪಕ್ಕದ ರಸ್ತೆಯಲ್ಲಿ, ಬಿಳಿ ಸ್ವಿಫ್ಟಿನ ಮುಂದೆ ಗೋಣಿಚೀಲ ಹಾಸಿಕೊಂಡು ವಾಜಿದ್ ಕೂತಿದ್ದ. ಬಂಪರು ಬಿಚ್ಚಿ ಬದಿಗಿಟ್ಟಿದ್ದ. ಪೊಲೀಸರನ್ನು ನೋಡಿ ಓಡಲಿಲ್ಲ, ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡಲೂ ಇಲ್ಲ.

"ಸರ್, ಇದೊಂದು ಉಳಿದಿದೆ," ಎಂದ. "ಬಿಚ್ಚಿಬಿಡ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ."

"ಆಗಲ್ಲ."

"ಹೊಸದು ತಂದಿದೀನಿ ಸರ್."

"ಗೊತ್ತು. ಆದ್ರೂ ಆಗಲ್ಲ. ಬಂಪರ್ ವಾಪಸ್ ಹಾಕು."

ಕಾರನ್ನು ಠಾಣೆಗೆ ತರಬೇಕಿತ್ತು, ಹಾಕಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ವಾಜಿದ್ ಹಾಕಿದ. ಒಂದೊಂದೇ ಸ್ಕ್ರೂ ಬಿಗಿ ಮಾಡಿದ, ಎಡಗಡೆ ಸ್ವಲ್ಪ ಎದ್ದಿದ್ದನ್ನು ಅಂಗೈಯಿಂದ ತಟ್ಟಿ ಕೂರಿಸಿದ, ಕೊನೆಗೆ ಬಟ್ಟೆ ತೆಗೆದು ಒರೆಸಿದ. ಹಾಗೆ ಮಾಡಿಸಿದ್ದಕ್ಕೆ ನಂದಕುಮಾರರಿಗೆ ಆಮೇಲೆ ಬಹಳ ದಿನ ಕಸಿವಿಸಿಯಾಗುತ್ತಿತ್ತು. ಆಗ ಅವರಿಗೆ ಅವನು ಕದ್ದ ಕಾರಣ ಗೊತ್ತಿರಲಿಲ್ಲ.

ಜೀಪಿನ ಹಿಂದಿನ ಸೀಟಿನಲ್ಲಿ ವಾಜಿದ್, ಅವನ ಎದುರಿಗೆ ನಂದಕುಮಾರ್. ಹಿಂದೆ ತಮ್ಮ ಕಾರಿನಲ್ಲಿ, ಆಫೀಸಿನಿಂದ ಕರೆಸಿದ್ದ ವನಿತಾ. ಬಳ್ಳಾರಿ ರಸ್ತೆಯಲ್ಲಿ ಎಂದಿನಂತೆ ವಾಹನಗಳು ಇರುವೆ ಸಾಲಾಗಿದ್ದವು. ಕತ್ತಲಾಗುತ್ತಿದ್ದಂತೆ ವನಿತಾ ಹೆಡ್‌ಲೈಟ್ ಹಾಕಿದರು. ಜೀಪಿನ ಹಿಂಬದಿ ಗಾಜಿನಲ್ಲಿ ಎರಡು ಕೆಂಪು ಬಳೆಗಳು ಮೂಡಿದವು. ವಾಜಿದ್ ಒಮ್ಮೆ ನೋಡಿ ಮುಖ ತಿರುಗಿಸಿದ.

"ಯಾಕೆ ಕದ್ದೆ?"

"ಎದುರಿಗೆ ಬರತ್ತೆ ಸರ್. ಟ್ಯಾಕ್ಸಿ ಓಡಿಸ್ವಾಗ. ಬಂದಾಗೆಲ್ಲ ನಂಗೆ ಉಸಿರು ನಿಂತ ಹಾಗಾಗತ್ತೆ."

"ಹೆಂಡ್ತಿಗೆ ಏನಾಗಿತ್ತು?"

"ಲಂಗ್ಸ್."

"ಪೇಂಟಿಂದಾನಾ?"

"ಡಾಕ್ಟರು ಹೌದು ಅಂದಿಲ್ಲ. ಅಲ್ಲ ಅಂತಾನೂ ಅಂದಿಲ್ಲ." ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ, ಪ್ರಯಾಣಿಕರಿಗೆ ಬಾಡಿಗೆ ಹೇಳುವ ಹಾಗೆ ಹೇಳುತ್ತಿದ್ದ. "ಒದ್ದೆ ಪೇಂಟ್ ಮೇಲೆ ಧೂಳು ಕೂತ್ರೆ ಕೆಲಸ ಹಾಳು ಸರ್. ಲೈಟ್ ಹಾಕಿದ್ರೆ ಚುಕ್ಕಿ ಚುಕ್ಕಿ ಕಾಣತ್ತೆ. ಅದಕ್ಕೆ ಕಿಟಕಿ ಮುಚ್ಚಬೇಕು. ಫ್ಯಾನ್ ಹಾಕಬಾರದು. ಅವಳು ಸೆಕೆ ಅಂತಿದ್ಲು, ಕೆಮ್ಮು ಬರ್ತಿದೆ ಅಂತಿದ್ಲು. ಸ್ವಲ್ಪ ತಡ್ಕೋ, ಒಣಗಲಿ ಅಂತ ನಾನೇ ಹೇಳ್ತಿದ್ದೆ. ಫ್ಯಾನ್ ಆಫ್ ಮಾಡ್ತಿದ್ದಿದ್ದು ನಾನೇ ಸರ್."

ನಂದಕುಮಾರ್ ಹಿಂಬದಿ ಗಾಜಿನತ್ತ ನೋಡಿದರು. ಆಮೇಲೆ, "ಹೊಸದು ಯಾಕೆ ಹಾಕಿದೆ?" ಎಂದರು.

"ಅವರದ್ದೇನು ತಪ್ಪು? ಲೈಟಿಲ್ದೆ ಹೆಂಗೆ ಓಡಾಡ್ತಾರೆ?"

"ಕೇಳಬಹುದಿತ್ತಲ್ಲ. ಕೊಡ್ತಿದ್ರೇನೋ."

"ಕೇಳಿದ್ರೆ ಯಾಕೆ ಅಂತಾರೆ. ಹೇಳಬೇಕಾಗತ್ತೆ."

ಹಿಂದಿನ ಗಾಜಿನಲ್ಲಿ ಬಳೆಗಳು ಇನ್ನೂ ಹತ್ತಿರವಾದವು. ನಂದಕುಮಾರ್ ಜೀಪು ನಿಲ್ಲಿಸಲು ಹೇಳಿ ಇಳಿದು, ವನಿತಾರ ಕಾರಿನ ಬಳಿ ಹೋದರು. "ಮೇಡಂ, ನೀವು ಮುಂದೆ ಹೋಗಿ. ನಾವು ಹಿಂದೆ ಬರ್ತೀವಿ." ಕಾರಣ ಹೇಳಲಿಲ್ಲ.

ಠಾಣೆಯಲ್ಲಿ ಬಂಧನದ ಕಾಗದಪತ್ರ ಸಿದ್ಧವಾಯಿತು. ವಾಜಿದ್ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಅವನ ಹೇಳಿಕೆಯನ್ನು ಧನಲಕ್ಷ್ಮಿ ಬರೆದುಕೊಳ್ಳುವಾಗ ವನಿತಾ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡರು. ತಮ್ಮ ಹೇಳಿಕೆ ಕೊಟ್ಟಾದ ಮೇಲೆ ಕಾರಿನ ಕೀ ಮೇಜಿನ ಮೇಲಿಟ್ಟು, "ನಾನು ಆಟೋದಲ್ಲಿ ಹೋಗ್ತೀನಿ," ಎಂದು ಹೊರಟುಹೋದರು. ಬ್ಯಾಟರಾಯಪ್ಪ ಈ ಕೇಸಿನ ಬಗ್ಗೆ ಮತ್ತೆ ತಮಾಷೆ ಮಾಡಲಿಲ್ಲ.

ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕೆಂಬುದು ನಿಯಮ. ವಾಜಿದ್‌ಗೆ ಮನೆಯವರು ಅಂತ ಇದ್ದದ್ದು ಮಲ್ಕಾ ಒಬ್ಬರೇ. ನಂದಕುಮಾರ್ ತಾವೇ ಫೋನ್ ಮಾಡಿದರು. ವಾಜಿದ್ ಠಾಣೆಯಲ್ಲಿದ್ದಾನೆ, ನಾಳೆ ಕೋರ್ಟಿಗೆ ಹಾಜರುಪಡಿಸುತ್ತೇವೆ, ಜಾಮೀನು ಸಿಗುತ್ತದೆ, ಹೆದರಬೇಡಿ ಎಂದರು. ಆ ಕಡೆಯಿಂದ ಅಳು ಬರಬಹುದು ಎಂದುಕೊಂಡಿದ್ದರು. ಬರಲಿಲ್ಲ. ಫೋನಿನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು.

"ಇವತ್ತು ರಾತ್ರಿ ಅವನು ಬರಲ್ಲ, ಅಲ್ವಾ ಸಾಬ್?" ಮಲ್ಕಾ ಕೇಳಿದರು.

"ಇಲ್ಲಮ್ಮ."

"ಹಂಗಾದ್ರೆ ಫ್ಯಾನ್ ಆಫ್ ಮಾಡ್ಲಾ? ತುಂಬಾ ಚಳಿ ಆಗ್ತಿದೆ."

ನಂದಕುಮಾರ್ ಫೋನನ್ನು ಕಿವಿಯಿಂದ ತೆಗೆದು ವಾಜಿದ್‌ನ ಕಡೆ ನೋಡಿದರು. ಮುದುಕಿಯ ಮಾತು ಅವನಿಗೂ ಕೇಳಿಸಿತ್ತು. ಸಿಕ್ಕಿಬಿದ್ದ ಮೇಲೆ ಮೊದಲ ಬಾರಿಗೆ ಅವನ ಮುಖ ಅಲುಗಿತು. ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಿ ನೆಲ ನೋಡಿದ.

"ಆಫ್ ಮಾಡಕ್ಕೆ ಹೇಳಿ ಸರ್," ಎಂದ. "ಅಮ್ಮಿ ಮಲಗಲಿ."

ನಂದಕುಮಾರ್ ಹಾಗೇ ಹೇಳಿದರು. ಆ ಕಡೆ ಸ್ವಿಚ್ಚು ಒತ್ತಿದ ಸದ್ದು ಕೇಳಿತು. ಫ್ಯಾನು ಪೂರ್ತಿ ನಿಲ್ಲುವವರೆಗೆ ಅವರು ಫೋನ್ ಇಡಲಿಲ್ಲ.