ಐಮನ್ ಡಾಕ್ಟರ ದಿನಚರಿ

ನಡುರಾತ್ರಿ ನನ್ನನ್ನು ಎಬ್ಬಿಸಿದ್ದು ಹಲ್ಲು ಕೊರೆಯುವ ಯಂತ್ರವನ್ನು ಯಾರೋ ಕಾಲಲ್ಲಿ ತುಳಿಯುವ ಸದ್ದು: ಕಟಕ್, ಕಟಕ್.

ಅದು ೧೯೬೭, ಸಾಗರ. ದಂತವೈದ್ಯರೂ ಚರ್ಚಿನ ಸಭಾಹಿರಿಯರೂ ಆಗಿದ್ದ ಐಮನ್ ಡಾಕ್ಟರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಭಾನುವಾರ ಚರ್ಚಿನಲ್ಲಿ ಓದಲು ಅವರ ದಿನಚರಿಯನ್ನು ನಕಲು ಮಾಡಿಕೊಡೆಂದು ಅವರ ಹೆಂಡತಿ ಲಿಡಿಯಮ್ಮ ನನ್ನನ್ನು ತಮ್ಮ ಮನೆಗೆ ಕರೆಸಿಕೊಂಡಿದ್ದರು. ನನಗೆ ಹಿಗ್ಗೋ ಹಿಗ್ಗು. ಆದರೆ ದವಡೆ ಹಲ್ಲಿನ ನೋವಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಕೆಲಸ ಅರ್ಧಕ್ಕೇ ನಿಲ್ಲುವ ಭಯ.

"ಅವ್ರಿದ್ದಿದ್ರೆ ಒಂದು ನಿಮಿಷದ ಕೆಲ್ಸ, ಶಾಂತಾ. ಮೂರು ಎಣಿಸ್ತೀನಿ ಅಂತಿದ್ರು, ಎರಡಕ್ಕೇ ಕಿತ್ತಿರ್ತಿದ್ರು, ಸುಳ್ಳ!" ಎಂದು ಲಿಡಿಯಮ್ಮ ಸಂಜೆ ನಕ್ಕಿದ್ದರು.

ಈಗ ಆ ಕಟಕ್ ಸದ್ದು ನಿಂತಿತು. ಲವಂಗದ ಎಣ್ಣೆಯ ವಾಸನೆ ಬಂತು. ತಣ್ಣನೆಯ ಬೆರಳುಗಳು ನನ್ನ ಗಲ್ಲ ಹಿಡಿದವು.

"ಒಂದು," ಎಂದಿತು ಗಂಡಸಿನ ದನಿ. "ಎರಡು."

ಮೂರು ನನಗೆ ಕೇಳಲೇ ಇಲ್ಲ.

ಬೆಳಿಗ್ಗೆ ನೋವಿರಲಿಲ್ಲ. ಹಲ್ಲೂ ಇರಲಿಲ್ಲ! ಅಲ್ಲಿ ಎಂದೋ ಮಾಯ್ದ ವಸಡು ನಾಲಿಗೆಗೆ ಸಿಕ್ಕಿತು. ಬರೆಯಲು ಕೂತೆ. ೧೯೬೧ರ ಪುಸ್ತಕದಲ್ಲಿ ಡಾಕ್ಟರ ಅಕ್ಷರದಲ್ಲೇ ಹೀಗಿತ್ತು: "ನಕಲು ಮಾಡುವ ಶಾಂತಾಳ ಎಡದವಡೆಯ ಹಲ್ಲು ಕಿತ್ತೆ. ನೋವಾಗಲಿಲ್ಲ. ಆಕೆಗಾಗಿ ಪ್ರಾರ್ಥಿಸಿದೆ."

ಆ ವರ್ಷ ನಾನು ಮೈಸೂರಿನ ಕಾಲೇಜಿನಲ್ಲಿದ್ದೆ. ಡಾಕ್ಟರ ಹೆಸರನ್ನೂ ಕೇಳಿರಲಿಲ್ಲ.

"ಹಲ್ಲು ಹೆಂಗಿದೆ ಮಗಾ?" ಲಿಡಿಯಮ್ಮ ಕಾಫಿ ತಂದರು.

"ಕಡಿಮೆಯಾಯ್ತು ಅಮ್ಮ," ಎಂದೆ. ಯಾರಿಗೂ ಹೇಳಬಾರದೆಂದು ಅಲ್ಲೇ ನಿರ್ಧರಿಸಿ, ಆ ಮೂರು ಸಾಲು ಬಿಟ್ಟು ಮುಂದಿನ ದಿನವನ್ನು ಬರೆಯತೊಡಗಿದೆ.