ಸಪ್ಪೆ ಪುಸ್ತಕದ ಎಂಬತ್ತೊಂಬತ್ತನೇ ಪುಟ

"ಬಿಡು."

"ನೀನು ಬಿಡು."

"ಮೊದಲು ನೀನು ಬಿಡು, ಆಮೇಲೆ ನಾನು ಬಿಡ್ತೀನಿ."

ಹೀಗೆ ಹೇಳುವವರು ಯಾವತ್ತೂ ಬಿಡುವುದಿಲ್ಲ. ಲೈಬ್ರರಿಯ ಉದ್ದ ಮೇಜಿನ ಈ ಕಡೆ ಮೆಣಸು, ಆ ಕಡೆ ನೇರಳೆ, ನಡುವೆ ಪಾಪದ ಪುಸ್ತಕ. ಅದಕ್ಕೆ ಬಾಯಿ ಇದ್ದಿದ್ದರೆ ಅದೇ ಮೊದಲು ಕಿರುಚುತ್ತಿತ್ತು. ಪರ್ ಎಂದು ಸದ್ದಾಯಿತು. ರಟ್ಟು ಮೆಣಸಿನ ಕೈಗೆ ಬಂತು, ಹಾಳೆಗಳೆಲ್ಲ ನೇರಳೆಯ ಕೈಯಲ್ಲಿ ಉಳಿದವು.

ಮೆಣಸು, ನೇರಳೆ ಎಂಬುದು ಅವರ ನಿಜವಾದ ಹೆಸರುಗಳಲ್ಲ. ನೋಡಲು ಚಿಕ್ಕವಳು, ಮಾತು ಮಾತ್ರ ಖಾರ ಎಂದು ಮೊದಲನೆಯವಳಿಗೆ ತಾತ ಇಟ್ಟ ಹೆಸರು ಮೆಣಸು. ಅವಳ ಪ್ರಾಣದ ಗೆಳತಿ ಬರೆಯುವುದು ನೇರಳೆ ಬಣ್ಣದ ಜೆಲ್ ಪೆನ್ನಿನಲ್ಲಿ. ಆ ಪೆನ್ನು ಸೋರುತ್ತದೆ. ಅವಳ ಹೆಬ್ಬೆರಳು ಸೋಪು ಹಾಕಿ ಉಜ್ಜಿದರೂ ನೇರಳೆ, ಉಜ್ಜದಿದ್ದರೂ ನೇರಳೆ.

ಜಗಳ ಶುರುವಾದದ್ದು ಒಂದೇ ಒಂದು ಪದದಿಂದ.

ಆ ಶಾಲೆಯ ಲೈಬ್ರರಿಯಲ್ಲಿ ಪ್ರತಿ ಪುಸ್ತಕದ ಹಿಂದೆ ಒಂದು ಚೀಟಿ ಅಂಟಿಸಿರುತ್ತಾರೆ. ಓದಿದವರು ಪುಸ್ತಕ ಹೇಗಿತ್ತು ಎಂದು ಅದರಲ್ಲಿ ಬರೆಯಬೇಕು. ಇದು ಹಡಗಿನ ಚಿತ್ರವಿದ್ದ ಪುಸ್ತಕ. ಚೀಟಿಯ ಮೊದಲ ಸಾಲಿನಲ್ಲಿ ನೇರಳೆ ತನ್ನ ಪೆನ್ನಿನಲ್ಲಿ "ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದಳು. ಅದರ ಕೆಳಗೆ ಎಂಟು ಜನ "ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದರು. ಒಂಬತ್ತನೆಯವನಿಗೆ ಅಷ್ಟು ಬರೆಯುವುದಕ್ಕೂ ಸೋಮಾರಿತನ. ಅವನು "ಮೇಲಿನಂತೆಯೇ" ಎಂದು ಮುಗಿಸಿದ್ದ.

ಅವರ ಕೆಳಗೆ ಮೆಣಸು ಬರೆದದ್ದು: "ಸಪ್ಪೆ."

"ಸಪ್ಪೆನಾ?" ನೇರಳೆಯ ಮುಖ ಸಣ್ಣದಾಯಿತು. "ಹತ್ತು ಜನಕ್ಕೆ ಇಷ್ಟ ಆಗಿದ್ದು ನಿಂಗೊಬ್ಬಳಿಗೆ ಸಪ್ಪೆನಾ? ನಿಂಗೆ ಅರ್ಥ ಆಗಿಲ್ಲ ಅಷ್ಟೆ."

"ಅರ್ಥ ಆಗೋಕೆ ಏನಿದೆ? ಹಡಗು ಓಡೋದೇ ಇಲ್ಲ. ನಾನಂತೂ ಪೂರ್ತಿ ಓದಿದೀನಿ. ನೀನೇ ಓದಿಲ್ಲ, ಸುಮ್ನೆ ಬರ್ದಿದೀಯ."

ಅಲ್ಲಿಗೆ ನೇರಳೆ ಪುಸ್ತಕ ಕಿತ್ತುಕೊಳ್ಳಲು ಕೈ ಹಾಕಿದ್ದಳು. ಮುಂದಿನದ್ದು ನಿಮಗೆ ಗೊತ್ತೇ ಇದೆ.

ಲೈಬ್ರರಿ ಮಿಸ್ ಬಂದು ರಟ್ಟನ್ನೂ ಹಾಳೆಗಳನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಮೆಣಸು, ನಿಮ್ಮ ತಾತನ ಹತ್ರ ಕೊಟ್ಟು ಬೈಂಡ್ ಮಾಡಿಸ್ಕೊಂಡು ಬಾ. ಸೋಮವಾರ ಬೇಕು."

ನೇರಳೆ ಕಿರುಬೆರಳು ಮುಂದೆ ಚಾಚಿ, "ಟೂ" ಎಂದಳು. ಅವಳು ಮೆಣಸಿನ ಜೊತೆ ಟೂ ಬಿಟ್ಟದ್ದು ಇದೇ ಮೊದಲು. ಆವತ್ತು ಮನೆಗೆ ಹೋಗುವಾಗ ಮೆಣಸು ಒಬ್ಬಳೇ ನಡೆದಳು. ದಾರಿ ಎಂದಿಗಿಂತ ಉದ್ದವಾಗಿತ್ತು.

ತಾತನ ಬೈಂಡಿಂಗ್ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಗೋಡೆಯುದ್ದಕ್ಕೂ ರಟ್ಟು, ಮೇಜಿನ ಮೇಲೆ ಅಂಟಿನ ಡಬ್ಬಿ, ದಪ್ಪ ಸೂಜಿ, ಮೇಣ ಸವರಿದ ದಾರ. ಮೂಲೆಯಲ್ಲಿ ಪುಸ್ತಕಗಳನ್ನು ಒತ್ತಿ ಹಿಡಿಯುವ ಕಬ್ಬಿಣದ ಯಂತ್ರ.

"ಕೈ ತೊಳಿ," ಎಂದರು ತಾತ, ತಲೆ ಎತ್ತದೆ.

ಆ ಮನೆಯಲ್ಲಿ ಊಟಕ್ಕೆ ಕೈ ತೊಳೆಯಲು ಮರೆತರೂ ನಡೆಯುತ್ತದೆ, ಪುಸ್ತಕ ಮುಟ್ಟುವ ಮೊದಲು ಮರೆಯುವಂತಿಲ್ಲ. ಮೆಣಸು ಕೈ ತೊಳೆದು, ಒರೆಸಿಕೊಂಡು, ಹರಿದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಒಂದೊಂದಾಗಿ ಎಲ್ಲ ಹೇಳಿದಳು. ಹೇಳುತ್ತಾ ಮೂಗು ಸೊರ್ ಎಂದಿತು.

"ತಾತ, ಅವಳು ಮಾತಾಡ್ಲಿ ಸಾಕು. ಚೀಟೀಲಿ ಸಪ್ಪೆ ಅನ್ನೋದನ್ನ ಹೊಡೆದು ಹಾಕಿ, ನಾನೂ ತುಂಬಾ ಚೆನ್ನಾಗಿದೆ ಅಂತ ಬರೀಲಾ?"

"ಚೆನ್ನಾಗಿತ್ತಾ?"

"ಇಲ್ಲ."

"ಹಂಗಾದ್ರೆ ಪೆನ್ನು ಅಲ್ಲಿಡು, ಇಲ್ಲಿ ಬಾ."

ತಾತ ಹಾಳೆಗಳ ಕಟ್ಟನ್ನು ಅಂಚು ಮೇಲೆ ಬರುವಂತೆ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. "ಏನು ಕಾಣ್ತಿದೆ?"

ಮೆಣಸು ಬಗ್ಗಿ ನೋಡಿದಳು. ಅಂಚಿನ ಮೊದಲ ಸ್ವಲ್ಪ ಭಾಗ ಕಂದು ಕಂದಾಗಿ ಕೊಳೆಯಾಗಿತ್ತು. ಅಲ್ಲಿಂದಾಚೆ ಬಿಳಿ.

"ಇಷ್ಟು ಮಾತ್ರ ಕೊಳೆ. ಉಳಿದಿದ್ದೆಲ್ಲ ಹೊಸದು."

"ಎಷ್ಟನೇ ಪುಟದವರೆಗೆ?"

ಅವಳು ಎಣಿಸಿದಳು. "ಮೂವತ್ತೆರಡು." ಎಣಿಸಿದ ಮೇಲೆ ಅವಳ ಕಣ್ಣು ಅರಳಿತು. "ಅಂದ್ರೆ ಯಾರೂ ಮುಂದೆ ಓದೇ ಇಲ್ಲ."

"ನಿನ್ನ ಕೈ ಗುರುತು ಸಿಗಲ್ಲ, ನೀನು ತೊಳ್ಕೊಂಡು ಓದ್ತೀಯ. ಉಳಿದವರು ಮೂವತ್ತೆರಡಕ್ಕೆ ಇಳಿದುಕೊಂಡಿದ್ದಾರೆ." ತಾತ ನಕ್ಕರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ಮೊದಲನೇ ಸಾಲು ನೋಡಿ ಎಲ್ಲರೂ ಕಟ್ಟಿದ್ದಾರೆ."

ಮೆಣಸಿಗೆ ಖುಷಿಯೋ ಖುಷಿ. ಸೋಮವಾರ ಕ್ಲಾಸಿನ ಎದುರು ನಿಂತು ಹೇಳಬೇಕು. ಹತ್ತೂ ಜನರ ಬಣ್ಣ ಬಯಲು ಮಾಡಬೇಕು. ಮೇಲಿನಂತೆಯೇ ಎಂದವನನ್ನು ಮೊದಲು ಎಬ್ಬಿಸಬೇಕು. ನೇರಳೆಯನ್ನು ಕೊನೆಗೆ. ಅವಳು ಎದ್ದು ನಿಂತಾಗ ಏನೆಂದು ಕೇಳಬೇಕು ಎಂಬುದನ್ನೂ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಳು.

ತಾತ ಅಷ್ಟರಲ್ಲಿ ಕತ್ತರಿಯ ತುದಿಯಿಂದ ಹಳೆಯ ಹೊಲಿಗೆ ಬಿಚ್ಚತೊಡಗಿದ್ದರು. ಹದಿನಾರು ಪುಟಕ್ಕೆ ಒಂದು ಕಟ್ಟು. ದಾರ ಕತ್ತರಿಸಿದ ಕೂಡಲೇ ಪ್ರತಿ ಕಟ್ಟೂ ಅಗಲವಾಗಿ ಬಿಚ್ಚಿಕೊಳ್ಳುತ್ತಿತ್ತು. ಆರನೇ ಕಟ್ಟು ಬಿಚ್ಚಿದಾಗ ಅವರು, "ಅರೆ," ಎಂದರು.

ಎಂಬತ್ತೊಂಬತ್ತನೇ ಪುಟದಲ್ಲಿ, ಹೊಲಿಗೆಯ ಪಕ್ಕದಲ್ಲೇ, ಹೆಬ್ಬೆರಳ ಗುರುತು. ಒಂದಲ್ಲ. ಒಂದರ ಮೇಲೊಂದು, ಐದೋ ಆರೋ. ಹೊಲಿಗೆ ಬಿಗಿಯಾಗಿದ್ದಾಗ ಒಳಗೆ ಅಡಗಿ ಕುಳಿತಿದ್ದ ಗುರುತುಗಳು.

"ಪುಟ ಮುಚ್ಚಿಹೋಗದೇ ಇರ್ಲಿ ಅಂತ ಯಾರೋ ಒತ್ತಿ ಹಿಡ್ಕೊಂಡು ಓದಿದ್ದಾರೆ," ಎಂದರು ತಾತ. "ಒಂದೇ ಸಲ ಅಲ್ಲ, ಮತ್ತೆ ಮತ್ತೆ ಬಂದು ಓದಿದ್ದಾರೆ. ಇದೇನು ಮಸಿ, ನೇರಳೆ ಬಣ್ಣ?"

ಅದು ಯಾರ ಹೆಬ್ಬೆರಳು ಎಂದು ಮೆಣಸಿಗೆ ಗೊತ್ತಾಯಿತು. ಅವಳ ಕಿವಿ ಬಿಸಿಯಾಯಿತು. ನೀನೇ ಓದಿಲ್ಲ ಎಂದು ಲೈಬ್ರರಿಯಲ್ಲಿದ್ದ ಎಲ್ಲರ ಮುಂದೆ ಅಂದಿದ್ದಳಲ್ಲ. ಆ ಪುಸ್ತಕವನ್ನು ನಿಜವಾಗಿ ಓದಿದವರು ಇಡೀ ಕ್ಲಾಸಿನಲ್ಲಿ ಇಬ್ಬರೇ. ಆ ಇಬ್ಬರೇ ಕಚ್ಚಾಡಿಕೊಂಡಿದ್ದರು.

ಅವಳು ಎಂಬತ್ತೊಂಬತ್ತನೇ ಪುಟ ಮತ್ತೆ ಓದಿದಳು. ಮೊದಲ ಸಲ ಓದುವಾಗ ಇನ್ನೆಷ್ಟು ಪುಟ ಉಳಿದಿದೆ ಎಂದು ಎಣಿಸುತ್ತಾ ಓಡಿದ್ದಳು. ಕತೆಯ ಹುಡುಗನ ಅಮ್ಮ ಹಡಗಿನಲ್ಲಿ ಅಡುಗೆಯವಳು, ಹಡಗು ನಿಂತಿರುವ ದೂರದ ಬಂದರಿಗೆ ಹೋಗಿದ್ದಾಳೆ. ಈ ಪುಟದಲ್ಲಿ ಹುಡುಗ ತನ್ನ ತಟ್ಟೆ ತೊಳೆಯುತ್ತಾನೆ. ಆಮೇಲೆ ಯಾರೂ ಊಟ ಮಾಡದ ಅಮ್ಮನ ತಟ್ಟೆಯನ್ನೂ ತೊಳೆದು, ಪಕ್ಕದಲ್ಲಿ ಇಡುತ್ತಾನೆ. ಅಷ್ಟೇ. ಬಿರುಗಾಳಿ ಇಲ್ಲ, ಕಳ್ಳರಿಲ್ಲ.

ಇದರಲ್ಲಿ ಅಂಥದ್ದೇನಿದೆ ಎಂದು ಮೆಣಸಿಗೆ ಹೊಳೆಯಲಿಲ್ಲ. ಆದರೆ ತಿಳಿಯಬೇಕು ಅನ್ನಿಸಿತು. ಕ್ಲಾಸಿನ ಎದುರು ನಿಲ್ಲುವ ಯೋಚನೆ ಮರೆತೇ ಹೋಯಿತು.

ಸೋಮವಾರ ನೇರಳೆ ಬೇರೆ ಬೆಂಚಿನಲ್ಲಿ ಕುಳಿತು ಕಿಟಕಿ ನೋಡುತ್ತಿದ್ದಳು. ಕಿಟಕಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಮೆಣಸು ಹೋಗಿ ಹೊಸ ರಟ್ಟಿನ ಪುಸ್ತಕವನ್ನು ಅವಳ ಮುಂದಿಟ್ಟಳು.

"ಎಂಬತ್ತೊಂಬತ್ತನೇ ಪುಟ ಎಷ್ಟು ಸಲ ಓದಿದೀಯ?"

ನೇರಳೆ ತಿರುಗಿದಳು. ಟೂ ಬಿಟ್ಟದ್ದು ಅವಳಿಗೆ ಮರೆತುಹೋಯಿತು. "ಯಾರು ಹೇಳಿದ್ದು?"

"ನಿನ್ನ ಹೆಬ್ಬೆರಳು. ನೀನು ಓದಿಲ್ಲ ಅಂದೆನಲ್ಲ, ತಪ್ಪಾಯ್ತು ಕಣೆ."

ನೇರಳೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅಪ್ಪ ಲಾರಿ ತಗೊಂಡು ಹೋದ್ರೆ ಹದಿನೈದು ದಿನ ಬರಲ್ಲ ಅಲ್ವಾ. ನಾನು ದಿನಾ ಅಪ್ಪನ ಲೋಟ ತೊಳೆದು ಬೋರಲು ಹಾಕ್ತೀನಿ. ಯಾರೂ ಕುಡೀದೇ ಇರೋ ಲೋಟ ಯಾಕೆ ತೊಳಿತೀಯ ಅಂತ ಅಮ್ಮ ನಗ್ತಾಳೆ. ನಾನೊಬ್ಳೇ ಪೆದ್ದಿ ಅಂದ್ಕೊಂಡಿದ್ದೆ. ಪುಸ್ತಕದಲ್ಲಿ ಇನ್ನೊಬ್ಬ ಸಿಕ್ಕಿದ."

ಮೆಣಸು ಬೆಂಚಿನ ತುದಿಯಲ್ಲಿ ಕುಳಿತಳು. ನೇರಳೆಯ ಮನೆಯ ಅಡುಗೆಮನೆಗೆ ಅವಳು ನೂರು ಸಲ ಹೋಗಿದ್ದಾಳೆ. ಬೋರಲು ಹಾಕಿದ ಆ ಸ್ಟೀಲ್ ಲೋಟವನ್ನೂ ನೋಡಿದ್ದಾಳೆ. ಯಾರದ್ದು ಎಂದು ಕೇಳಿರಲಿಲ್ಲ.

"ಚೀಟೀಲಿ ಇದನ್ನೇ ಬರೀಬಾರದಾಗಿತ್ತಾ?"

"ಎಲ್ಲರೂ ಓದ್ತಾರಲ್ಲ," ಎಂದಳು ನೇರಳೆ. ಪುಸ್ತಕದ ಹೊಸ ರಟ್ಟು ಸವರುತ್ತಾ, "ಇನ್ನೂ ಸಪ್ಪೆನಾ?" ಎಂದು ಕೇಳಿದಳು.

ಇಲ್ಲ ಎಂದುಬಿಟ್ಟರೆ ಎಲ್ಲ ಸಲೀಸು. ಮೆಣಸು ಯೋಚಿಸಿದಳು.

"ಈ ಪುಟ ಸಪ್ಪೆ ಅಲ್ಲ. ಪುಸ್ತಕ ಸಪ್ಪೆನೇ ಕಣೆ. ನೂರ ನಲವತ್ತನೇ ಪುಟದವರೆಗೂ ಹಡಗು ಲಂಗರು ಎತ್ತಲ್ಲ."

"ಅದೇ ಚೆಂದ."

"ಅದೇ ಸಪ್ಪೆ."

ನೇರಳೆಗೆ ನಗು ಬಂತು. ಅವಳು ನಕ್ಕಿದ್ದು ನೋಡಿ ಮೆಣಸಿಗೂ ಬಂತು. ಬ್ಯಾಗಿನಿಂದ ತನ್ನ ಸ್ವಂತ ಪುಸ್ತಕ ತೆಗೆದು ಕೊಟ್ಟಳು. ಬಿರುಗಾಳಿ, ಮುರಿದ ಸೇತುವೆ, ಮೂವರು ಕಳ್ಳರು ಎಲ್ಲ ಇದ್ದ, ನಾಲ್ಕು ಸಲ ಓದಿದರೂ ಸಾಲದ ಪುಸ್ತಕ.

"ಇದನ್ನ ಓದು. ಪುಸ್ತಕ ಅಂದ್ರೆ ಏನು ಅಂತ ಆಗ ಗೊತ್ತಾಗತ್ತೆ."

ಒಂದು ವಾರದ ಮೇಲೆ ನೇರಳೆ ಅದನ್ನು ವಾಪಸು ತಂದಳು.

"ಹೇಗಿತ್ತು?" ಮೆಣಸು ಬೆಳಗಿನಿಂದ ಇದಕ್ಕೇ ಕಾದಿದ್ದಳು.

"ತಲೆನೋವು ಬಂತು. ಪುಟಕ್ಕೊಬ್ಬರು ಬೀಳ್ತಾರೆ. ಎದ್ದ ತಕ್ಷಣ ಮತ್ತೆ ಬೀಳ್ತಾರೆ."

ಮೆಣಸಿನ ಕೋಪ ಮೂಗಿನ ತುದಿಗೆ ಬಂತು. ನೀನು ಓದೇ ಇಲ್ಲ ಎಂಬ ಮಾತು ನಾಲಿಗೆಯ ಮೇಲೆ ಬಂದು ನಿಂತಿತು. ಅವಳು ಪುಸ್ತಕ ತೆರೆದು, ಹೊಲಿಗೆಯ ಹತ್ತಿರ ಹಾಳೆಗಳನ್ನು ಅಗಲಿಸಿ ನೋಡಿದಳು. ಹತ್ತನೇ ಪುಟದಲ್ಲಿ ನೇರಳೆ ಗುರುತು. ಅರವತ್ತನೇ ಪುಟದಲ್ಲಿ ಇತ್ತು. ಸೇತುವೆ ಮುರಿಯುವ ಕಡೆ ಎರಡಿದ್ದವು. ಸರಸರನೆ ತಿರುವಿ ಕೊನೆಯ ಪುಟಕ್ಕೆ ಬಂದಳು. ಅಲ್ಲೂ ಒಂದಿತ್ತು, ಸ್ವಲ್ಪ ಅಳಿಸಿದಂತೆ, ಆದರೆ ಇತ್ತು.

ತಾತ ನೋಡಿದರೆ ಎದೆ ಬಡಿದುಕೊಳ್ಳುವಷ್ಟು ಕೊಳೆಯಾಗಿತ್ತು ಪುಸ್ತಕ.

ಮೆಣಸು ಅದನ್ನು ಜೋಪಾನವಾಗಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು. "ಆ ಕಡೆ ಸರಿ," ಎಂದು ನೇರಳೆಯ ಪಕ್ಕ ಜಾಗ ಮಾಡಿಕೊಂಡು ಕುಳಿತಳು.

"ಯಾರು ಬಿದ್ದಾಗ ನಿಂಗೆ ಜಾಸ್ತಿ ಸಿಟ್ಟು ಬಂತು, ಹೇಳು."